ಗಿಲೂ ಎತ್ತಿಕೊಂಡ ಮಗು

ಅಮೆರ್ಸಾಳ ಶವಪೆಟ್ಟಿಗೆಗೆ ಹೆಗಲು ಕೊಟ್ಟ ನಾಲ್ವರೂ ಚಿಕ್ಕಂದಿನಲ್ಲಿ ಅವಳಿಗೆ ಹೆದರಿ ಊಟ ಮಾಡಿದವರೇ. ಸಮಾಧಿಯ ಗುಡ್ಡ ಹತ್ತುವಾಗ ಅವರಲ್ಲೊಬ್ಬ ಅದನ್ನು ಬಾಯಿಬಿಟ್ಟು ಹೇಳಿಯೂ ಬಿಟ್ಟ. "ಇವಳು ಹೆದರಿಸಿ ತಿನ್ನಿಸದೇ ಇದ್ದಿದ್ರೆ ಇವತ್ತು ಇವಳನ್ನ ಹೊರೋಕೆ ನಮಗೆ ತ್ರಾಣ ಎಲ್ಲಿರ್ತಿತ್ತು?" ಹಿಂದೆ ಅಳುತ್ತಾ ಬರುತ್ತಿದ್ದ ಹೆಂಗಸರು ನಕ್ಕುಬಿಟ್ಟರು. ಮುಂದೆ ಧೂಪ ಹಿಡಿದಿದ್ದ ಪಾದ್ರಿ ಲೂಕಾಸ್ ತಿರುಗಿ ನೋಡಿದರು. ಗದರಲಿಲ್ಲ.

ನಾನು ನಮ್ಮೂರ ಚರ್ಚಿನ ನೆಲ ಗುಡಿಸುವವಳು. ಆಲಿವ್ ತೋಪಿಗೆ ಇಳಿಯುವ ಮೂರು ದಾರಿಗಳು ಕೂಡುವಲ್ಲಿ ದೇವದೂತ ಮಿಖಾಯಿಲನ ಪುಟ್ಟ ಗುಡಿ ಇದೆ. ಅಲ್ಲಿನ ದೀಪಕ್ಕೆ ಎಣ್ಣೆ ಹಾಕುವ ಕೆಲಸವೂ ನನ್ನದೇ. ನಾನು ಶಾಲೆಗೆ ಹೋದವಳಲ್ಲ. ಪಾದ್ರಿಗಳು ಹಾಡುವುದನ್ನು ಕೇಳುತ್ತಾ, ಪುಸ್ತಕದ ಸಾಲಿನ ಮೇಲೆ ಬೆರಳು ಓಡಿಸುತ್ತಾ ಅಕ್ಷರ ಕಲಿತೆ. ಮೂವತ್ತು ಚಳಿಗಾಲ ಅಮೆರ್ಸಾಳ ಪಕ್ಕದಲ್ಲಿ ಬಗ್ಗಿ ನೆಲದ ಮೇಲೆ ಬಿದ್ದ ಆಲಿವ್ ಕಾಯಿ ಆಯ್ದಿದ್ದೇನೆ. ಬಗ್ಗಿ ಕೆಲಸ ಮಾಡುವವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅದಕ್ಕೇ ಇರಬೇಕು, ಬಾಯಿಗೆ ನಿಜ ಬೇಗ ಬರುತ್ತದೆ.

ನಮ್ಮ ಲೆಸ್ವೋಸ್ ದ್ವೀಪದಲ್ಲಿ ತೊಟ್ಟಿಲ ಕೂಸುಗಳನ್ನು ಒಯ್ಯುವವಳಿಗೆ ಗಿಲೂ ಎನ್ನುತ್ತಾರೆ. ದೀಕ್ಷಾಸ್ನಾನವಾಗಿ ಹೆಸರು ಬೀಳುವ ತನಕ ಕೂಸನ್ನು ಒಂಟಿಯಾಗಿ ಬಿಡದಿರುವುದು ಅವಳ ಭಯಕ್ಕೇ. ಮಕ್ಕಳು ಕೊಂಚ ದೊಡ್ಡವರಾದ ಮೇಲೆ ಅದೇ ಭಯ ಊಟಕ್ಕೆ, ನಿದ್ದೆಗೆ, ಬಾವಿಯಿಂದ ದೂರ ಇಡುವುದಕ್ಕೆ ಬಳಕೆಗೆ ಬರುತ್ತದೆ. ಬೇರೆ ಊರುಗಳಲ್ಲಿ ಗಿಲೂ ಕಣ್ಣಿಗೆ ಕಾಣದವಳು. ನಮ್ಮೂರಲ್ಲಿ ಅವಳಿಗೆ ಒಂದು ಮನೆ ಇತ್ತು, ಎರಡು ಮೇಕೆಗಳಿದ್ದವು, ಮೊಣಕಾಲು ನೋವೂ ಇತ್ತು.

ತಾಯಂದಿರು ಕಿಟಕಿಯಿಂದಲೇ ಕೂಗುತ್ತಿದ್ದರು.

"ಅಮೆರ್ಸಾ, ಒಂದು ಚೂರು ಈ ಕಡೆ ಬಾರೇ. ನಮ್ಮ ಈ ಪುಂಡ ಬಾಯೇ ಬಿಡ್ತಿಲ್ಲ."

"ಏನು ಮಾಡಿದ್ದೀಯ ಇವತ್ತು?"

"ಮಸೂರ ಬೇಳೆ."

"ಬೇಳೆಗೆಲ್ಲ ನಾನು ಬರಲ್ಲಮ್ಮ. ನಾನೂ ಚಿಕ್ಕವಳಿದ್ದಾಗ ಬೇಳೆ ತಿಂತಿರಲಿಲ್ಲ. ಮೀನು ಹುರಿದ ದಿನ ಕರಿ."

ಹಾಗೆಂದರೂ ಹೋಗುತ್ತಿದ್ದಳು. ಆಲಿವ್ ಕೊಂಬೆ ಬಡಿಯುವ ಉದ್ದನೆಯ ಕೋಲಿನಿಂದ ಬಾಗಿಲಿಗೆ ಮೂರು ಸಲ ತಟ್ಟುತ್ತಿದ್ದಳು. ಒಳಗೆ ಚಮಚ ಬಟ್ಟಲಿಗೆ ತಾಗುವ ಸದ್ದು ಕೇಳಿದ ಮೇಲೆ ಹೊರಡುತ್ತಿದ್ದಳು. ಹೊಸಿಲಾಚೆ ಎಂದೂ ಕಾಲಿಟ್ಟವಳಲ್ಲ. ಸಂಜೆ ಅವಳ ಮನೆ ಮೆಟ್ಟಿಲ ಮೇಲೆ ಯಾರೋ ಮೊಟ್ಟೆಯನ್ನೋ ರೊಟ್ಟಿಯನ್ನೋ ಇಟ್ಟು ಹೋಗಿರುತ್ತಿದ್ದರು.

ಇದು ಶುರುವಾದದ್ದು ಹೇಗೆಂದು ನನಗೆ ಬಹಳ ವರ್ಷ ಗೊತ್ತಿರಲಿಲ್ಲ. ಕೇಳಿದವರೆಲ್ಲ ತಲೆಗೊಂದು ಹೇಳಿದರು. ಕಡೆಗೆ ಅಮೆರ್ಸಾಳೇ, ಒಂದು ದಿನ ಬುಟ್ಟಿ ತುಂಬಿಸುತ್ತಾ ಹೇಳಿದಳು.

ಅವಳಿಗೆ ಆಗ ಹನ್ನೆರಡು ವರ್ಷ. ಸೋದರತ್ತೆಯ ಮಗಳು ಮಿರ್ಸಿನಿಗೆ ಚೊಚ್ಚಲು ಹೆಣ್ಣುಮಗು ಹುಟ್ಟಿತ್ತು. ಗಂಡನ ತಾಯಿಯ ಹೆಸರು ಪೆಲಾಗಿಯಾ, ಮಗುವಿಗೂ ಅದನ್ನೇ ಇಡುವುದೆಂದು ನಿಶ್ಚಯವಾಗಿತ್ತು. ಅಮೆರ್ಸಾ ನೋಡಲು ಹೋದಳು. ತೊಟ್ಟಿಲಿಗೆ ಬಗ್ಗಿ, "ಎಷ್ಟು ಚಂದ ಇದೆ!" ಎಂದಳು. ಹಾಗೆಂದ ಮೇಲೆ ನಾವು ಮೂರು ಸಲ ಥೂ ಎಂದು ಉಗುಳಬೇಕು, ಇಲ್ಲವಾದರೆ ಹೊಗಳಿಕೆಯೇ ದೃಷ್ಟಿಯಾಗುತ್ತದೆ. ನಾಲ್ಕು ವರ್ಷದ ಮಕ್ಕಳಿಗೂ ಇದು ಗೊತ್ತು. ಅಮೆರ್ಸಾ ಉಗುಳಲಿಲ್ಲ.

"ಯಾಕೆ?" ಎಂದು ಕೇಳಿದೆ.

"ಬಾಯಲ್ಲಿ ಸಿಹಿ ಇತ್ತು. ಕಹಿಕಿತ್ತಳೆ ಸಿಪ್ಪೆದು. ದೊಡ್ಡ ತುಂಡು, ಪಾಕ ಹಲ್ಲಿಗೆ ಅಂಟ್ಕೊಂಡಿತ್ತು. ನುಂಗಿ ಆಮೇಲೆ ಉಗುಳೋಣ ಅಂದ್ಕೊಂಡೆ. ಅಷ್ಟರಲ್ಲಿ ಯಾರೋ ನೀರು ಕೊಟ್ರು, ಮರೆತೇಹೋಯ್ತು."

ಐದನೇ ದಿನ ಮಗುವಿಗೆ ಜ್ವರ ಬಂತು. ಹೆಸರಿಡುವ ಮೊದಲೇ ಹೋಯಿತು. ಆ ಬೇಸಿಗೆ ಊರಲ್ಲಿ ಇನ್ನೂ ಎಷ್ಟೋ ಕೂಸುಗಳು ಜ್ವರಕ್ಕೆ ಹೋಗಿದ್ದವು. ಆದರೆ ಅವಕ್ಕೆಲ್ಲ ಇವಳಿಂದಲೇ ಎಂದು ಬೆರಳು ಮಾಡಿ ತೋರಿಸಲು ಒಬ್ಬಳು ಇರಲಿಲ್ಲ. ಮಿರ್ಸಿನಿ ಬೈಯಲಿಲ್ಲ, ಕೂಗಾಡಲಿಲ್ಲ. ಅಮೆರ್ಸಾ ಎದುರಾದರೆ ಗೋಡೆ ನೋಡಿದಂತೆ ನೋಡಿ ದಾಟಿಹೋಗುತ್ತಿದ್ದಳು. ಉಳಿದವರೂ ತೊಟ್ಟಿಲ ಮೇಲೆ ಬಟ್ಟೆ ಎಳೆಯತೊಡಗಿದರು. ಹೆಣ್ಣು ನೋಡಲು ಬಂದವರು ಊರ ಬಾಯಿಂದ ಕೇಳಿಕೊಂಡು ಅಲ್ಲಿಂದಲೇ ತಿರುಗಿದರು. ಹೀಗಿರುವಾಗ ಯಾವಳೋ ಒಬ್ಬ ತಾಯಿ ಹಟಮಾರಿ ಮಗನಿಗೆ, "ತಿನ್ನು, ಇಲ್ದಿದ್ರೆ ಅಮೆರ್ಸಾನ ಕರೀತೀನಿ" ಎಂದಳಂತೆ. ಮಗ ತಿಂದ. ಸುದ್ದಿ ಹಬ್ಬಿತು.

"ನಿಂಗೆ ಬೇಜಾರಾಗಲ್ವಾ?" ಎಂದೆ.

"ಮೊದಮೊದಲು ಆಗ್ತಿತ್ತು. ಆಮೇಲೆ ಅನ್ನಿಸ್ತು, ಹೇಗಿದ್ರೂ ಹೆದರ್ತಾರೆ. ಹೆದರಿ ಒಂದು ತುತ್ತಾದ್ರೂ ತಿನ್ನಲಿ."

ಒಂದು ಆಸೆ ಮಾತ್ರ ಅವಳಿಗಿತ್ತು. ನೋನಾ ಆಗಬೇಕು. ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿ ಹಿಡಿದು ಅದಕ್ಕೆ ಹೆಸರು ಹೇಳುವವಳು ನೋನಾ. ಆ ಹೆಸರು ಅವಳು ಉಚ್ಚರಿಸಿದಾಗಲೇ ಹುಟ್ಟುವುದು, ಅಲ್ಲಿಯವರೆಗೆ ಕೂಸು ಬರೀ ಕೂಸು. ನೀರಿನಿಂದ ಎತ್ತಿದ ಮಗುವನ್ನು ಸುತ್ತಲು ಬಿಳಿ ವಸ್ತ್ರ ತರಬೇಕಾದವಳೂ ನೋನಾಳೇ. ಅಮೆರ್ಸಾ ಅಂಥದೊಂದು ವಸ್ತ್ರವನ್ನು ತಾನೇ ನೇಯ್ದು ಪೆಟ್ಟಿಗೆಯಲ್ಲಿಟ್ಟಿದ್ದಳು. ಪ್ರತಿವರ್ಷ ಈಸ್ಟರಿಗೆ ಮುಂಚೆ ತೆಗೆದು ಒಗೆದು, ಲವಂಗದ ಎಲೆ ಇಟ್ಟು ಮತ್ತೆ ಮಡಚುತ್ತಿದ್ದಳು. ಕೇಳಲು ಯಾರೂ ಬರಲಿಲ್ಲ. ಯಾರು ಬಂದಾರು?

ಆ ಕಾಲದಲ್ಲಿ ನಾನು ಬಾಣಂತಿಯರಿಗೆ ತಾಯಿತ ಬರೆದುಕೊಡುತ್ತಿದ್ದೆ. ಗಿಲೂಗೆ ಹನ್ನೆರಡೂವರೆ ಹೆಸರುಗಳು. ಹಿಂದೆ ಇಬ್ಬರು ಸಂತರು ಅವಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಅವಳ ಬಾಯಿಂದಲೇ ಆ ಹೆಸರುಗಳನ್ನು ಹೇಳಿಸಿದರು. ಅವು ಬರೆದಿಟ್ಟ ಮನೆಗೆ ಅವಳು ಕಾಲಿಡುವ ಹಾಗಿಲ್ಲ. ಪಾದ್ರಿ ಲೂಕಾಸ್, "ಇದೆಲ್ಲ ಮುದುಕಿಯರ ಕಾಗದ" ಎಂದು ಗೊಣಗುತ್ತಿದ್ದರು. ನಮ್ಮಲ್ಲಿ ಪಾದ್ರಿಗಳೂ ಸಂಸಾರಸ್ಥರೇ; ಅವರ ಮಗಳ ಹೆರಿಗೆಗೆ ದಿನ ತುಂಬಿದಾಗ ಮಾತ್ರ, "ಒಂದು ಬರೆದಿಡು, ನನಗಲ್ಲ, ನನ್ನ ಹೆಂಡತಿ ಕೇಳ್ತಾಳೆ" ಎಂದರು.

ಒಂದು ಮಧ್ಯಾಹ್ನ ಮರದಡಿ ರೊಟ್ಟಿ, ಈರುಳ್ಳಿ, ಉಪ್ಪುಮೀನು ತಿನ್ನುತ್ತಾ ಕೂತಿದ್ದೆವು. ಸರಕಾರ ಕಳಿಸಿದ ಹೊಸ ಸೂಲಗಿತ್ತಿಯೂ ಜೊತೆಗಿದ್ದಳು. ಕೊರಿಂಥದ ಕಡೆಯವಳು, ಓದಿದವಳು.

"ನಮ್ಮ ಕಡೆ ಗಿಲೂ ಇಲ್ಲ," ಎಂದಳು. "ಹಳೇ ಕಾಲದಲ್ಲಿ ಮೊರ್ಮೋ ಅಂತಿದ್ರಂತೆ, ನಮ್ಮ ಮೇಷ್ಟ್ರು ಹೇಳ್ತಿದ್ರು. ಕೊರಿಂಥದ ಹೆಂಗಸೇ. ಒಂದು ಸಾಯಂಕಾಲ ತನ್ನ ಮಕ್ಕಳನ್ನೇ ತಿಂದು ಹಾರಿಹೋದ್ಳಂತೆ. ಇನ್ನು ಕೆಲವರು ಅವಳೊಬ್ಬ ರಾಣಿ, ಮಕ್ಕಳನ್ನ ಕಳಕೊಂಡಿದ್ಳು, ಅದಕ್ಕೇ ಬೇರೆಯವರ ಮಕ್ಕಳ ಮೇಲೆ ಕಣ್ಣು ಅಂತಾರೆ."

ಅಮೆರ್ಸಾ ಅಗಿಯುವುದನ್ನು ನಿಲ್ಲಿಸಿದಳು. "ತಿಂದಳೋ ಕಳಕೊಂಡಳೋ? ಎರಡರಲ್ಲಿ ಒಂದು ಹೇಳು."

"ಎರಡೂ ಹೇಳ್ತಾರೆ ಚಿಕ್ಕಮ್ಮ."

"ಹೇಳ್ತಾರೆ, ಹೇಳ್ತಾರೆ. ಕಳಕೊಂಡವಳನ್ನ ತಿಂದವಳು ಅನ್ನೋಕೆ ಊರಿಗೆ ಎಷ್ಟು ಹೊತ್ತು ಬೇಕು?"

"ನಮ್ಮ ಗಿಲೂ ಈ ದ್ವೀಪದ ಹುಡುಗಿಯೇ ಅಂತ ನಮ್ಮಜ್ಜಿ ಹೇಳ್ತಿದ್ಲು," ಎಂದೆ ನಾನು. "ಮದುವೆಗೆ ಮೊದಲೇ ಸತ್ಲಂತೆ. ಮಕ್ಕಳ ಆಸೆ ತೀರದೆ ತಿರುಗಿ ಬಂದ್ಲಂತೆ."

"ಯಾವ ಊರವಳು? ಯಾರ ಮಗಳು?"

"ಅದು ಗೊತ್ತಿಲ್ಲ."

"ನೋಡು! ಇಷ್ಟು ಕಾಲ ಅವಳ ಹೆಸರು ಹೇಳಿ ಮಕ್ಕಳನ್ನ ಮಲಗಿಸಿದ್ದಾರೆ, ಅವಳಪ್ಪ ಯಾರು ಅಂತ ಒಬ್ಬರಿಗೂ ನೆನಪಿಲ್ಲ. ಆ ಕಾಗದ ಇದ್ರೆ ಓದೇ. ನನ್ನ ಹೆಸರುಗಳನ್ನ ನಾನೇ ಕೇಳಿಲ್ಲ."

ಸೆರಗಿನ ಗಂಟಲ್ಲಿ ಯಾರಿಗೋ ಬರೆದ ತಾಯಿತವಿತ್ತು. ಓದಿದೆ. ಗಿಲೂ, ಮೋರಾ, ವಿಜೂ, ಮರ್ಮರೂ, ಪೆತಾಸಿಯಾ, ಪೆಲಾಗಿಯಾ.

"ನಿಲ್ಲು. ಪೆಲಾಗಿಯಾ? ಅದು ಸಂತಳ ಹೆಸರಲ್ವಾ?"

"ಹೌದು. ಅಕ್ಟೋಬರ್ ಎಂಟಕ್ಕೆ ಹಬ್ಬ."

"ಹಾಗಾದ್ರೆ ಇವಳು ಕದ್ದಿರೋದು."

ನಾನು ಆ ಹೆಸರನ್ನು ನೂರಾರು ಸಲ ಬರೆದಿದ್ದೆ. ಅದು ಅಲ್ಲಿ ಹೇಗೆ ಸೇರಿತೆಂದು ಒಮ್ಮೆಯೂ ನನಗೆ ಹೊಳೆದಿರಲಿಲ್ಲ. ಉಳಿದದ್ದನ್ನು ಓದಿ ಮುಗಿಸಿದೆ.

"ಆ ಅರ್ಧ ಯಾವುದು?" ಎಂದಳು.

"ಕಾಗದದಲ್ಲಿ ಇಲ್ಲ. ನಾನು ನಕಲು ಮಾಡಿದ ಹಳೆ ಹಾಳೆಯಲ್ಲೂ ಕೊನೆಗೆ ಜಾಗ ಖಾಲಿ ಇತ್ತು."

ಅಮೆರ್ಸಾ ಈರುಳ್ಳಿ ಸಿಪ್ಪೆಯನ್ನು ಬೆರಳಲ್ಲಿ ತಿರುಗಿಸಿದಳು. "ಅದು ಅವಳಮ್ಮ ಕರೀತಿದ್ದ ಹೆಸರಿರಬೇಕು. ಅಮ್ಮಂದಿರು ಎಲ್ಲಿ ಪೂರ್ತಿ ಹೆಸರು ಕರೀತಾರೆ?" ಎಂದು ಎದ್ದು, ಬುಟ್ಟಿ ಹಿಡಿದು ಮರದ ಆಚೆಬದಿಗೆ ಹೋದಳು.

ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಮಿರ್ಸಿನಿಯ ಮಗ ಇಗ್ನಾತಿಸನ ಹೆಂಡತಿ ಕ್ಲಿಯೋ ಎರಡು ಸಲ ಹೆತ್ತಳು, ಎರಡು ಕೂಸುಗಳೂ ನಲವತ್ತು ದಿನ ಬದುಕಲಿಲ್ಲ. ಮೂರನೆಯದು ಹೆಣ್ಣು, ಬೆಕ್ಕಿನ ಮರಿಯಷ್ಟಿತ್ತು. ಇಂಥ ಮನೆಯಲ್ಲಿ ಮಾಡುವುದೊಂದು ಕ್ರಮವಿದೆ. ಬೆಳಗಾಗುವ ಹೊತ್ತಿಗೆ ಕೂಸನ್ನು ಮೂರು ದಾರಿ ಕೂಡುವಲ್ಲಿ ಇಟ್ಟುಬಿಡುತ್ತಾರೆ. ಆ ದಾರಿಯಲ್ಲಿ ಮೊದಲು ಬಂದವರು ಅದನ್ನು ಎತ್ತಿಕೊಳ್ಳಬೇಕು, ಹೆಸರಿಡಬೇಕು. ಬಂದವರು ಯಾರಾದರೂ ಸರಿ, ಬೇಡ ಎನ್ನುವಂತಿಲ್ಲ. ಎತ್ತಿಕೊಳ್ಳುವವರಿಗೆ ಮುಂಚೆಯೇ ಹೇಳುವಂತಿಲ್ಲ, ಮನೆಯವರು ಮುಟ್ಟುವಂತಿಲ್ಲ. ಹಾಗೆ ಸಿಕ್ಕಿದ ಕೂಸು ಆ ಮನೆಯದಲ್ಲ, ದಾರಿಯದ್ದು. ಆ ಮನೆಯ ಮಕ್ಕಳನ್ನು ಒಯ್ಯಲು ಬರುವವಳಿಗೆ ಗುರುತು ಸಿಕ್ಕುವುದಿಲ್ಲ.

ಮಿರ್ಸಿನಿ ನನ್ನ ಹತ್ತಿರ ಬಂದಳು. "ನೀನು ದೀಪಕ್ಕೆ ಹೋಗೋಳು. ಬೆಳಿಗ್ಗೆ ಆ ದಾರೀಲಿ ಯಾರು ಹೋಗ್ತಾರೆ?"

"ಗಾಣದ ಒಡೆಯನ ಹೆಂಡತಿ ಸೂರ್ಯ ಹುಟ್ಟೋ ಹೊತ್ತಿಗೆ ಹೋಗ್ತಾಳೆ," ಎಂದೆ.

ಅವಳ ಮುಖ ಅರಳಿತು. "ಐದು ಮಕ್ಕಳ ತಾಯಿ! ಐದೂ ಗುಂಡುಕಲ್ಲಿನ ಹಾಗಿವೆ. ಅವಳೇ ಆಗಲಿ ದೇವರೇ."

ನಾನು ಹೇಳಿದ್ದು ಸುಳ್ಳಲ್ಲ. ಆದರೆ ಸೊಂಟಕ್ಕೆ ಕೂಸು ಕಟ್ಟಿಕೊಂಡ ತಾಯಂದಿರು ಎದುರಾಗಬಾರದೆಂದು ಅಮೆರ್ಸಾ ಎಲ್ಲರಿಗಿಂತ ಮೊದಲು ಆ ದಾರಿಯಲ್ಲಿ ಇಳಿಯುತ್ತಾಳೆಂಬುದನ್ನು ಹೇಳಲಿಲ್ಲ. ಮಿರ್ಸಿನಿಗೂ ಹೊಳೆಯಲಿಲ್ಲ. ಮೂವತ್ತೈದು ವರ್ಷ ಅವಳು ಅಮೆರ್ಸಾಳನ್ನು ನೋಡದೆ ಇರುವುದನ್ನೇ ರೂಢಿ ಮಾಡಿಕೊಂಡಿದ್ದಳು. ನಾನು ಬಾಯಿ ಮುಚ್ಚಿಕೊಂಡದ್ದು ತಪ್ಪಾಗಿದ್ದರೆ ದೇವರು ಕ್ಷಮಿಸಲಿ. ಆ ರಾತ್ರಿ ಪ್ರಾರ್ಥನೆಯಲ್ಲಿ ಅದನ್ನು ಅವನಿಗೆ ಹೇಳಿಯೇ ಮಲಗಿದೆ.

ಬೆಳಗಿನ ನಸುಕಿನಲ್ಲಿ ಮಿರ್ಸಿನಿ ಕೂಸನ್ನು ಬುಟ್ಟಿಯಲ್ಲಿಟ್ಟು ಗುಡಿಯ ಮೆಟ್ಟಿಲ ಮೇಲೆ ಬಿಟ್ಟಳು. ನಾವಿಬ್ಬರೂ ಗುಡಿಯೊಳಗೆ ಬಾಗಿಲ ಸಂದಿಯಲ್ಲಿ ನಿಂತೆವು. ಚಳಿ ಇತ್ತು. ಹೆಜ್ಜೆ ಸದ್ದು ಕೇಳಿತು, ಜೊತೆಗೆ ಕಲ್ಲಿನ ಮೇಲೆ ಕೋಲಿನ ಸದ್ದು. ಮಿರ್ಸಿನಿಗೆ ಕೋಲಿನಿಂದಲೇ ಗೊತ್ತಾಯಿತು.

"ಅಯ್ಯೋ ಮರಿಯಮ್ಮ ತಾಯೀ. ಇವಳಾ?" ಹೊರಗೆ ನುಗ್ಗಲು ಹೋದಳು. ನಾನು ಅವಳ ತೋಳು ಹಿಡಿದೆ.

"ನೀನು ಎತ್ತಿದ್ರೆ ಕೂಸು ಮತ್ತೆ ನಿಮ್ಮನೇದೇ ಆಗುತ್ತೆ ಅಕ್ಕ. ಹಿಂದಿನ ಎರಡರ ಹಾಗೆ."

"ಬಿಡೇ! ನನ್ನ ಒಂದನ್ನ ತಿಂದಿದ್ದು ಸಾಲದಾ ಇವಳಿಗೆ?"

ಆದರೂ ಅವಳ ಕಾಲು ಮುಂದೆ ಹೋಗಲಿಲ್ಲ.

ಅಮೆರ್ಸಾ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಳು. ಬುಟ್ಟಿ ಕಂಡಳು. ಅದು ಏನೆಂದು, ಯಾರ ಮನೆಯದೆಂದು ಅವಳಿಗೆ ಕೇಳಬೇಕಾಗಿರಲಿಲ್ಲ. ಊರಲ್ಲಿ ಆ ವಾರ ಹೆತ್ತವಳು ಒಬ್ಬಳೇ. ಮುಖ ತಿರುಗಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದಳು. ಬೇಗ ಬೇಗ, ಆ ಮೊಣಕಾಲಿನಲ್ಲಿ ಆಗುವಷ್ಟು ಬೇಗ.

ಮಿರ್ಸಿನಿ ಉಸಿರು ಬಿಟ್ಟಳು.

ಕೂಸು ಅಳತೊಡಗಿತು. ತೆಳ್ಳಗಿನ ಅಳು. ಅಮೆರ್ಸಾ ನಿಲ್ಲಲಿಲ್ಲ. ಆಮೇಲೆ ಅಳು ಥಟ್ಟನೆ ನಿಂತಿತು. ಆಗ ಅವಳು ನಿಂತಳು. ಒಳಗೆ ದೀಪದ ಬತ್ತಿ ಚಟಪಟ ಎನ್ನುವುದು ಬಿಟ್ಟರೆ ಏನೂ ಕೇಳಲಿಲ್ಲ.

ಅಮೆರ್ಸಾ ಕೋಲು ಎಸೆದು ಓಡಿ ಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬುಟ್ಟಿಯ ಹತ್ತಿರ ಬಂದವಳು ತಲೆವಸ್ತ್ರವನ್ನು ಕಣ್ಣು ಮುಚ್ಚುವವರೆಗೆ ಕೆಳಗೆಳೆದುಕೊಂಡಳು. ಕುರುಡಿಯ ಹಾಗೆ ತಡಕಿ, ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಕೂಸು ಸಣ್ಣಗೆ ಸೀನಿತು.

ಆಮೇಲೆ ಉಗುಳತೊಡಗಿದಳು. ಥೂ ಥೂ ಥೂ. ಮತ್ತೆ ಮೂರು. ಮತ್ತೆ ಮೂರು. ಹೊಗಳಿಕೆಯ ಒಂದು ಮಾತೂ ಆಡದೆ, ಮೂವತ್ತೈದು ವರ್ಷದ್ದನ್ನೆಲ್ಲ ಒಟ್ಟಿಗೆ ಉಗುಳುವವಳ ಹಾಗೆ.

ಮಿರ್ಸಿನಿಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದಲೇ ಕೂಗಿದಳು. "ಸಾಕು ಮಾಡೇ! ಮಗು ಮುಳುಗಿಹೋಗುತ್ತೆ!"

ಅಮೆರ್ಸಾ ಬೆಚ್ಚಿದಳು. ಆದರೆ ಕೈ ಸಡಿಲಿಸಲಿಲ್ಲ. "ಅಕ್ಕ, ನಾನು ನೋಡಿಲ್ಲ. ದೇವರಾಣೆಗೂ ಕಣ್ಣುಬಿಟ್ಟು ನೋಡಿಲ್ಲ."

ಎಷ್ಟೋ ವರ್ಷಗಳ ನಂತರ ಅವರಿಬ್ಬರು ಆಡಿದ ಮೊದಲ ಮಾತು ಇದು. ಮಿರ್ಸಿನಿ ಹಿಂಬಾಗಿಲಿಂದ ಮನೆಗೆ ಹೊರಟುಹೋದಳು.

ಅಮೆರ್ಸಾಳ ಕೈ ಹಿಡಿದು ಕ್ಲಿಯೋಳ ಬಾಗಿಲಿಗೆ ನಾನೇ ಕರೆದೊಯ್ದೆ. ಕಣ್ಣಿನ ಮೇಲಿನ ವಸ್ತ್ರ ಅವಳು ಸರಿಸಿರಲಿಲ್ಲ. "ದಾರೀಲಿ ನಂಗೊಂದು ಕೂಸು ಸಿಕ್ತು, ಹಾಲು ಕೊಡ್ತೀಯಾ?" ಎಂದು ಕ್ರಮದಂತೆ ಕೇಳಿದಳು. ಕ್ಲಿಯೋ ಹಾಸಿಗೆಯಿಂದಲೇ ಎರಡೂ ಕೈ ಚಾಚಿದಳು. "ಕೊಡು ಚಿಕ್ಕಮ್ಮ. ನಿನ್ನ ಕೂಸನ್ನ ನಾನು ಸಾಕಿಕೊಡ್ತೀನಿ. ನಿನಗೆ ಹೆದರಿ ತಿಂದ ಅನ್ನದಿಂದಲೇ ನನ್ನ ಮೈ ಬೆಳೆದಿರೋದು. ನಂಗೇನು ಭಯ?"

ಕೂಸು ಬಡಕಲಾಗಿದ್ದರಿಂದ ಬರುವ ಭಾನುವಾರವೇ ದೀಕ್ಷಾಸ್ನಾನ ಎಂದಾಯಿತು. ಹೆತ್ತವಳು ನಲವತ್ತು ದಿನ ಚರ್ಚಿಗೆ ಬರುವಂತಿಲ್ಲ, ಹೆಸರಿಗಾಗಿ ಮನೆಯಲ್ಲೇ ಕಾಯುತ್ತಾಳೆ. ಮಿರ್ಸಿನಿಯೂ ಸೊಸೆಯ ಜೊತೆ ಮನೆಯಲ್ಲೇ ಉಳಿದಳು. "ಅವಳ ಕೈಯಲ್ಲಿ ನೋಡೋಕೆ ನಂಗಾಗಲ್ಲ" ಎಂದಳು. ಮಗು ಅಷ್ಟರೊಳಗೆ ಹೋಗಿಬಿಟ್ಟರೆ ಯಾರ ತಲೆಗೆ ಬರುತ್ತದೆಂದು ಊರಿಗೆಲ್ಲ ಗೊತ್ತಿತ್ತು. ಅಮೆರ್ಸಾಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಐದು ದಿನ ಅವಳು ಆಲಿವಿಗೆ ಬರಲಿಲ್ಲ. ನಾನು ದೀಪಕ್ಕೆ ಹೋದಾಗೆಲ್ಲ ಮಿಖಾಯಿಲನ ಮುಂದೆ ಮಂಡಿಯೂರಿರುತ್ತಿದ್ದಳು, ಆ ಮೊಣಕಾಲಿನ ಮೇಲೆ.

ಭಾನುವಾರ ಅವಳು ಪೆಟ್ಟಿಗೆಯ ಬಿಳಿ ವಸ್ತ್ರ ತೋಳಿಗೆ ಹಾಕಿಕೊಂಡು ಬಂದಳು. ಮಡಚಿದ ಗೆರೆಗಳಲ್ಲಿ ಅದು ಹಳದಿಯಾಗಿತ್ತು. ಪಾದ್ರಿ ಅವಳನ್ನು ಪಡುವಣಕ್ಕೆ ತಿರುಗಿಸಿ ನಿಲ್ಲಿಸಿದರು. ಸೈತಾನನನ್ನು ಬಿಟ್ಟೆಯಾ ಎಂದು ಮೂರು ಸಲ ಕೇಳಿದರು, ಬಿಟ್ಟೆ ಎಂದಳು. "ಹಾಗಾದರೆ ಅವನ ಮೇಲೆ ಉಗುಳು," ಎಂದರು. ನಮ್ಮ ಕ್ರಮದಲ್ಲಿ ಅದು ಇದೆ, ನೂರು ಸಲ ನೋಡಿದ್ದೇನೆ. ಎಲ್ಲರೂ ನಾಚಿಕೊಂಡು ಬಾಯಿ ಸುಮ್ಮನೆ ಆಡಿಸುತ್ತಾರೆ. ಅಮೆರ್ಸಾ ಉಗುಳಿದ ಸದ್ದು ಕಂಬಗಳಿಗೆ ತಾಗಿ ತಿರುಗಿ ಬಂತು. ಆ ನೆಲ ಗುಡಿಸುವವಳು ನಾನು, ನನಗೆ ಬೇಸರವಾಗಲಿಲ್ಲ.

"ಹೆಸರು?" ಎಂದರು ಪಾದ್ರಿ.

ಅವಳು ನನ್ನ ಕಡೆ ಒಮ್ಮೆ ನೋಡಿದಳು. "ಪೆಲಾಗಿಯಾ."

ಗಿಲೂ ಕದ್ದ ಹೆಸರನ್ನು ಅಮೆರ್ಸಾ ವಾಪಸು ಕಿತ್ತುಕೊಂಡಳೆಂದು ಆ ಚರ್ಚಿನಲ್ಲಿ ಅರ್ಥವಾದದ್ದು ನನ್ನೊಬ್ಬಳಿಗೆ. ಆ ದಿನದಿಂದ ನಾನು ತಾಯಿತದಲ್ಲಿ ಆ ಹೆಸರು ಬರೆಯುತ್ತಿಲ್ಲ.

ಮಕ್ಕಳ ಹಿಂಡು ಎಂದಿನಂತೆ ಹೆಸರನ್ನು ತಾಯಿಗೆ ಮುಟ್ಟಿಸಲು ಓಡಿತು. ನಾವು ಹಿಂದಿನಿಂದ ನಡೆದು ಹೋಗುವಷ್ಟರಲ್ಲಿ ಓಣಿಯ ತುಂಬ "ಪೆಲಾಗಿಯಾ, ಪೆಲಾಗಿಯಾ" ಎಂಬ ಕೂಗು. ಮಿರ್ಸಿನಿ ಹೊಸಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ನೀರಿನ ಲೋಟ, ಒಂದು ಚಮಚ, ಬಟ್ಟಲಲ್ಲಿ ಕಹಿಕಿತ್ತಳೆ ಸಿಪ್ಪೆಯ ಸಿಹಿ. ಮನೆಗೆ ಬಂದ ನೋನಾಗೆ ಮೊದಲು ಸಿಹಿ ಕೊಡಬೇಕು.

ಅಮೆರ್ಸಾ ಬಾಗಿಲಿಗೆ ಬಂದ ಕ್ಲಿಯೋಳ ಕೈಗೆ ಮಗುವನ್ನು ಕೊಟ್ಟು, ಹೊಸಿಲ ಹೊರಗೇ ನಿಂತಳು. ರೂಢಿ ಹಾಗಿತ್ತು.

"ಒಳಗೆ ಬಾ," ಎಂದಳು ಮಿರ್ಸಿನಿ. ಆಮೇಲೆ ಎಲ್ಲರೂ ಕೇಳುವ ಹಾಗೆ, ಆದರೆ ಅಮೆರ್ಸಾಳ ಮುಖವನ್ನೇ ನೋಡುತ್ತಾ ಹೇಳಿದಳು. "ಅವತ್ತು ನಿನ್ನ ಬಾಯಿಗೆ ಸಿಹಿ ಇಟ್ಟಿದ್ದು ನಾನೇ. ನೀನು ಬೇಡ ಬೇಡ ಅಂತಿದ್ದೆ, ನಾನೇ ತುರುಕಿದೆ, ದೊಡ್ಡ ತುಂಡು. ನೀರು ಕೊಟ್ಟೋಳೂ ನಾನೇ. ಯಾರಿಗೂ ಹೇಳಲಿಲ್ಲ."

"ನಂಗೆ ಗೊತ್ತಿತ್ತಲ್ಲ ಅಕ್ಕ," ಎಂದಳು ಅಮೆರ್ಸಾ.

ಅವಳು ನನಗೆ "ಯಾರೋ ನೀರು ಕೊಟ್ರು" ಎಂದಷ್ಟೇ ಹೇಳಿದ್ದು ಆಗ ನೆನಪಾಯಿತು.

ಒಳಗಿನಿಂದ ಕೂಸು ಅತ್ತಿತು. ಈ ಸಲ ಗಟ್ಟಿಯಾಗಿ, ಸಿಟ್ಟಿನಿಂದ. ಮಿರ್ಸಿನಿ ಚಮಚದಲ್ಲಿ ಒಂದು ತುಂಡು ಎತ್ತಿದಳು, ಅಮೆರ್ಸಾಳ ತುಟಿಯವರೆಗೆ ತಂದು ಅಲ್ಲೇ ತಡೆದಳು.

"ಹೋಗು, ಮೊದಲು ಕಣ್ಣುಬಿಟ್ಟು ಮಗೂನ ನೋಡು," ಎಂದಳು. "ಚಂದ ಇದೆ ಅನ್ನು. ಉಗುಳು. ಆಮೇಲೆ ಬಂದು ತಿನ್ನುವಂತೆ."